ಸುತ್ತಿಗೆಗೆ ಸಿಕ್ಕಿದ ವಜ್ರ

“ಕೇಳ್ರಪ್ಪೋ ಕೇಳ್ರಿ! ಕರಡಿದುರ್ಗದ ದೊರೆಗಳು ಕಲ್ಲುಗಳ ಬಗ್ಗೆ ಮೂರು ಒಗಟು ಒಡ್ಡುತ್ತಾರೆ. ಬಿಡಿಸಿದವನಿಗೆ ರತ್ನಭಂಡಾರದ ಒಡೆತನ, ತಪ್ಪಿದವನಿಗೆ ಗಲ್ಲು!” ಎಂದು ಡಂಗುರ ಹೊಡೆಸಿದರು. ಉತ್ತರ ತಪ್ಪಿದ್ದಕ್ಕೆ ತಲೆಯಂತೆ, ಥೂ!

ಈ ದೊರೆಗೆ ಒಂದು ಹುಚ್ಚು. ಯಾರೇ ವಜ್ರ ತರಲಿ, ಕಮ್ಮಾರರ ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಡಿಯುವುದು. ಒಡೆದರೆ ತಂದವರು ಮೋಸಗಾರರು, ಅವರಿಗೆ ನೇಣು. ಹಾಗೆ ಎಷ್ಟು ಜನ ಹೋದರೋ! ಹೊಳೆಯ ಮಣ್ಣು ಜರಡಿ ಹಿಡಿದು ಬದುಕುತ್ತಿದ್ದ ಹುಲಿಗೆವ್ವ ತನಗೆ ಸಿಕ್ಕಿದ ಒಂದೇ ಒಂದು ವಜ್ರ ಒಪ್ಪಿಸಲು ಬಂದು, ಅದು ಸುತ್ತಿಗೆಗೆ ಒಡೆದು, ಸೆರೆಗೆ ಬಿದ್ದಿದ್ದಳು. ಬರುವ ಅಮಾವಾಸ್ಯೆಗೆ ಅವಳಿಗೂ ಗಲ್ಲು. ಡಂಗುರ ಕೇಳಿದ ಅವಳ ಮಗ ಗಾದಿಲಿಂಗ ಹಲ್ಲು ಕಡಿಯುತ್ತ ಆಸ್ಥಾನಕ್ಕೆ ಬಂದ.

“ಉಗುರಿಗೂ ಸೋಲುವ ಕಲ್ಲು ಯಾವುದು?” ದೊರೆ ಕೇಳಿದ.

ಪಾಳೆಯಗಾರನ ಮಗನೊಬ್ಬ “ಸುಣ್ಣದ ಕಲ್ಲು” ಎಂದ. ಗೀರಿ ನೋಡಿದರೆ ಉಗುರೇ ಸವೆಯಿತು. ಅವನನ್ನು ಎಳೆದೊಯ್ದರು. ಬಟ್ಟೆ ವ್ಯಾಪಾರಿಯೊಬ್ಬ “ಬಳಪದ ಕಲ್ಲು” ಎಂದು ಗೆದ್ದ.

“ಒಂದೇ ತಾಯಿಯ ಇಬ್ಬರು ಮಕ್ಕಳು. ಒಬ್ಬ ಕೈಗೆ ಮಸಿ ಬಳಿಯುತ್ತಾನೆ, ಇನ್ನೊಬ್ಬ ಕಂಡವರನ್ನೆಲ್ಲ ಗೀರುತ್ತಾನೆ. ಯಾರವರು?”

“ಸೀಸ ಮತ್ತು ಉಕ್ಕು” ಎಂದು ವ್ಯಾಪಾರಿಯೂ ಹೋದ.

ಗಾದಿಲಿಂಗ ಮುಂದೆ ಬಂದ. “ಮೊದಲನೆಯದು ಬಳಪವೇ, ದೊರೆಗಳೇ. ಅದರೊಳಗೆ ಪದರದ ಮೇಲೆ ಪದರ, ಒಂದಕ್ಕೊಂದು ಹಿಡಿತವಿಲ್ಲ, ಉಜ್ಜಿದರೆ ಜಾರುತ್ತವೆ. ಆ ಇಬ್ಬರು ಮಕ್ಕಳು, ಮುಟ್ಟಿದರೆ ಮಸಿ ಹತ್ತುವ ಬರೆಯುವ ಕರಿಕಲ್ಲು ಮತ್ತು ವಜ್ರ. ಎರಡೂ ಇದ್ದಿಲಿನ ಸಾರವೇ. ಕರಿಕಲ್ಲಿನಲ್ಲಿ ಅದು ಪದರವಾಗಿ ಕೂತಿದೆ. ವಜ್ರದಲ್ಲಿ ಒಂದೊಂದು ಕಣವೂ ಸುತ್ತಲಿನ ನಾಲ್ಕು ಕಣಗಳ ಕೈ ಬಿಗಿಯಾಗಿ ಹಿಡಿದಿದೆ. ಅದಕ್ಕೇ ಅಷ್ಟು ಗಡಸು.”

“ಭಲೆ! ಯಾವ ಸುತ್ತಿಗೆಗೂ ಒಡೆಯದ ಕಲ್ಲು ಯಾವುದು?”

ವಜ್ರ ಅಂದರೆ ಭಂಡಾರ ಅವನದು. ಆದರೆ ಅವ್ವ ಮೋಸಗಾತಿ ಅಂತ ಮಗನೇ ಒಪ್ಪಿದ ಹಾಗೆ.

“ಅಂಥ ಕಲ್ಲೇ ಇಲ್ಲ!” ಎಂದ.

“ವಜ್ರವಿದೆಯಲ್ಲೋ, ಮುಠ್ಠಾಳ! ಗಲ್ಲಿಗೆ ಹಾಕಿ ಇವನನ್ನ!”

ಇದ್ದದ್ದು ಇದ್ದಂಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಗಾದಿಲಿಂಗನಿಗೆ ಸಿಟ್ಟು ನೆತ್ತಿಗೇರಿತು.

“ಗೀರುವುದು ಬೇರೆ, ಒಡೆಯುವುದು ಬೇರೆ! ವಜ್ರವನ್ನು ಬೇರೆ ಯಾವ ಕಲ್ಲೂ ಗೀರಲಾರದು. ಆದರೆ ಅದಕ್ಕೆ ಬಗ್ಗಲು ಬಾರದು, ಪೆಟ್ಟು ಬಿದ್ದರೆ ಸೀಳುತ್ತದೆ. ನಿನ್ನ ಕಿರೀಟದ ವಜ್ರಕ್ಕೆ ಎಂದಾದರೂ ಸುತ್ತಿಗೆ ತೋರಿಸಿದ್ದೀಯಾ? ಬಡವರ ಕಲ್ಲಿಗೆ ಮಾತ್ರ ನಿನ್ನ ಕೈ ಏಳುತ್ತದೆಯೋ?”

ದೊರೆ ರೇಗಿ, ಕಿರೀಟದ ವಜ್ರ ಕಿತ್ತು ಅಡಿಗಲ್ಲಿಗಿಟ್ಟು ಬಡಿದ. ಅಜ್ಜನ ಕಾಲದ ವಜ್ರ ಚೂರುಚೂರಾಯಿತು.

ಭಂಡಾರದ ಬೀಗದ ಕೈ ಗಾದಿಲಿಂಗನಿಗೆ ಬಂತು. ಹುಲಿಗೆವ್ವನ ಬೇಡಿ ಬಿಚ್ಚಿದರು. ಅವಳು ಬಂದವಳೇ ಒಂದು ಚೂರು ಎತ್ತಿಕೊಂಡು ಸುತ್ತಿಗೆಯ ಉಕ್ಕಿನ ಮೇಲೆ ಗೀರು ಎಳೆದಳು.

“ಒಡೆದರೂ ವಜ್ರ ವಜ್ರಾನ, ದೊರೀ. ಮೂರು ಒಗಟು ನೀ ಕೇಳಿದಿ, ನಾಲ್ಕನೇದು ನಂದು. ನನಗಿಂತ ಮುಂಚೆ ನೇಣಿಗೆ ಹಾಕಿದ್ಯಲ್ಲ, ಅವರನ್ನ ಹ್ಯಾಂಗ ತಿರುಗಿ ತರತಿ?”

ದೊರೆ ತನ್ನ ಕೊರಳು ಮುಟ್ಟಿ ನೋಡಿಕೊಂಡ. ಒಗಟು ಬಿಡಿಸದವನಿಗೆ ಏನು ಅಂತ ಡಂಗುರ ಹೊಡೆಸಿದವನು ಅವನೇ ಅಲ್ಲವೇ?