ಗಿಣಿ ಕಲಿತ ಊಟದ ಕರೆ

ಇಟಲಿಯಿಂದ ಬಂದ ಅತಿಥಿ ಗಿಣಿ ಬಂದಾಗಿನಿಂದ ಏನೂ ತಿಂದಿರಲಿಲ್ಲ. ಮನೆಯ ಗಿಣಿಗೆ ಅದರ ಭಾಷೆಯ ಒಂದೇ ಕ್ರಿಯಾಪದ ಗೊತ್ತಿತ್ತು: "ಮಂಜಾಮೊ", ಅಂದರೆ 'ತಿನ್ನೋಣ'. ಎಲ್ಲ ಅಕ್ಷರಕ್ಕೂ ಸಮ ತೂಕ ಕೊಡುವ ಕನ್ನಡದಲ್ಲಿ ಬೆಳೆದ ಗಿಣಿಯಾದ್ದರಿಂದ ಯಾವ ಅಕ್ಷರಕ್ಕೂ ಕಡಿಮೆ ಮಾಡಬಾರದೆಂದು ಪದವನ್ನು ಮೂರು ತುಂಡು ಮಾಡಿ ಮೂರನ್ನೂ ಕಿರುಚಿತು: "ಮನ್! ಜಾ! ಮೊ!" ಅತಿಥಿ ಬೈಗುಳವೆಂದು ಹೆದರಿ ಮೂಲೆ ಸೇರಿತು.

ಗೋಡೆಯ ಮೇಲಿನ ಮದ್ದಳೆ ನಕ್ಕಿತು. "ಗಿಣಿರಾಯಾ, ಊಟಕ್ಕೆ ಕರೆಯುತ್ತಿದ್ದೀಯೋ, ಯುದ್ಧಕ್ಕೋ? ನನ್ನಂತೆ ನುಡಿ: ತ-ಧೀಂ-ತ. ಭಾರವೆಲ್ಲ ನಡುವಿನದಕ್ಕೆ ಹಾಕು, ಅಕ್ಕಪಕ್ಕದವು ಮೆತ್ತಗಿರಲಿ."

"ಅಬ್ಬಾ! ದಿನವೂ ಏಟು ತಿನ್ನುವ ನೀನು ಮೆತ್ತಗಿರುವುದನ್ನೂ ಬಲ್ಲೆಯಲ್ಲ, ಗುರುವೇ!" ಎಂದು ಗಿಣಿ ತಲೆಬಾಗಿ, ಜಾ ಒಂದನ್ನೇ ಒತ್ತಿ ನುಡಿಯಿತು: "ಮನ್-ಜಾ-ಮೊ."

ಅತಿಥಿ ಕತ್ತೆತ್ತಿತು, ಹತ್ತಿರ ಬಂದಿತು, ಸೀಬೆಹಣ್ಣಿಗೆ ಕೊಕ್ಕು ಹಾಕಿತು. ಕರೆದ ಗಿಣಿಗೆ ಉಳಿದದ್ದು ತೊಟ್ಟು ಮಾತ್ರ. ಅದನ್ನೇ ಅದು ಹಬ್ಬದೂಟದಂತೆ ಕಚ್ಚಿತು.