ತಾಮ್ರವನ್ನು ನೂರು ಗಂಟೆ ಅರೆದವಳು

ಮಲಪ್ರಭೆಯ ದಂಡೆಯ ಆ ಆಶ್ರಮದಲ್ಲಿ ಪೂಜೆಯ ಗಂಟೆಗಿಂತ ಗಿರಣಿಯ ಸದ್ದೇ ಜೋರು. ಗುರು ಶಿವಬಸಯ್ಯನವರು ಅಲ್ಲಿ ಲೋಹವಿದ್ಯೆ ಕಲಿಸುತ್ತಿದ್ದರು.

ಗಿರಣಿ ಎಂದರೆ ತಿರುಗುವ ಒಂದು ಉಕ್ಕಿನ ಡಬ್ಬಿ. ಒಳಗೆ ತಾಮ್ರದ ಪುಡಿ, ಜೊತೆಗೆ ಉಕ್ಕಿನ ಗುಂಡುಗಳು. ಡಬ್ಬಿ ತಿರುಗಿದಂತೆ ಗುಂಡುಗಳು ಪುಡಿಯನ್ನು ಜಜ್ಜುತ್ತವೆ.

ಹೊಸ ಶಿಷ್ಯೆ ನೀಲಾಂಬಿಕೆ ಕೇಳಿದಳು: "ಗುರುಗಳೇ, ಇಷ್ಟು ಜಜ್ಜಿದರೆ ತಾಮ್ರ ಹಾಳಾಗಬೇಕಲ್ಲ. ಗಟ್ಟಿಯಾಗುವುದು ಹೇಗೆ?"

"ಒಂದೊಂದು ಕಣದೊಳಗೂ ಕಣ್ಣಿಗೆ ಕಾಣದ ಹರಳುಗಳಿವೆ. ಏಟು ಬಿದ್ದಂತೆಲ್ಲ ಅವು ಒಡೆದು ಸಣ್ಣವಾಗುತ್ತವೆ. ಹರಳು ಸಣ್ಣದಾದಷ್ಟೂ ನಡುವಿನ ಗಡಿಗಳು ಹೆಚ್ಚು."

"ಗಡಿಯಲ್ಲಿ ಪರಮಾಣುಗಳ ಸಾಲು ತಪ್ಪಿರುತ್ತದೆ. ಅದು ದೋಷವಲ್ಲವೇ?"

ಗುರುಗಳು ಅವಳನ್ನು ಪಕ್ಕದ ಹೊಲಕ್ಕೆ ಕರೆದೊಯ್ದು ಕಾಲುವೆಯ ನೀರು ಬಿಟ್ಟರು. ನೀರು ಸರಸರನೆ ಹರಿದು ಬದುವಿನ ಬಳಿ ನಿಂತಿತು.

"ಲೋಹ ಬಾಗುವಾಗ ಹರಳಿನೊಳಗೆ ಪರಮಾಣುಗಳ ಸಾಲು ಜಾರುವುದೂ ಹೀಗೆಯೇ; ಗಡಿ ಬಂದಲ್ಲಿ ನಿಲ್ಲುತ್ತದೆ. ಈಗ ಹೇಳು, ಬದು ಹೊಲದ ದೋಷವೇ?"

ನೀಲಾಂಬಿಕೆ ನಕ್ಕು ಗಿರಣಿಯತ್ತ ಓಡಿದಳು.

ಇಪ್ಪತ್ತು ಗಂಟೆ ಅರೆದಳು. ಆ ಪುಡಿಯನ್ನು ಒತ್ತಿ ಬಿಲ್ಲೆ ಮಾಡಿದಳು. ಮಾಮೂಲಿ ತಾಮ್ರ ತಗ್ಗುಬೀಳುವ ಏಟಿಗೆ ಆ ಬಿಲ್ಲೆ ಜಗ್ಗಲಿಲ್ಲ. ಅವಳು ಕುಣಿದಾಡಿದಳು.

"ಇಪ್ಪತ್ತು ಗಂಟೆಗೇ ಇಷ್ಟಾದರೆ ನೂರು ಗಂಟೆಗೆ ಎಷ್ಟು!" ಎಂದುಕೊಂಡು, ತನ್ನ ಪಾಲಿನ ಪುಡಿಯನ್ನೆಲ್ಲ ಗಿರಣಿಗೆ ಸುರಿದಳು. ಶಿಷ್ಯರ ಬಿಲ್ಲೆಗಳನ್ನು ನೋಡುವ ಪರೀಕ್ಷಕರು ಬರಲು ಇನ್ನೊಂದೇ ವಾರವಿತ್ತು.

ನೂರು ಗಂಟೆ ಕಳೆದ ಮೇಲೆ ಕ್ಷ-ಕಿರಣ ಯಂತ್ರದಲ್ಲಿ ಅಳೆದು ನೋಡಿದಳು. ಹರಳುಗಳು ಇಪ್ಪತ್ತು ಗಂಟೆಗೆ ಇದ್ದುದಕ್ಕಿಂತ ಒಂದಿಷ್ಟೂ ಸಣ್ಣವಾಗಿರಲಿಲ್ಲ. ಪುಡಿಯ ಕೆಂಪು ಮಾತ್ರ ಮಂಕಾಗಿತ್ತು.

ಡಬ್ಬಿ ಹಿಡಿದುಕೊಂಡು ಗುರುಗಳ ಮುಂದೆ ನಿಂತಳು. ಕಣ್ಣು ತುಂಬಿತ್ತು.

ಗುರುಗಳು ಕಪಾಟಿನಿಂದ ಅಯಸ್ಕಾಂತ ತಂದರು. "ತಾಮ್ರ ಇದಕ್ಕೆ ಅಂಟುತ್ತದೆಯೇ?"

"ಇಲ್ಲ."

ಅದನ್ನು ಪುಡಿಯಲ್ಲಿ ಅದ್ದಿ ಎತ್ತಿದರು. ಅಯಸ್ಕಾಂತಕ್ಕೆ ಗಡ್ಡ ಬೆಳೆದಿತ್ತು.

"ಹಾಗಾದರೆ ಇವರು ಯಾರು?"

ನೀಲಾಂಬಿಕೆ ಬೆರಗಾಗಿ ನೋಡಿದಳು. "ಉಕ್ಕು! ಗುಂಡುಗಳು ಸವೆದು ತಾಮ್ರದಲ್ಲಿ ಬೆರೆತಿವೆ."

"ಹೊಡೆಯುವವನಿಗೂ ಏಟು ತಾಗುತ್ತದೆ ತಾಯಿ."

"ಆದರೆ ಹರಳು ಏಕೆ ಸಣ್ಣದಾಗಲಿಲ್ಲ?"

"ಒಂದು ಮಿತಿ ದಾಟಿದ ಮೇಲೆ ಅವು ಒಡೆದಷ್ಟೇ ಕೂಡಿಕೊಳ್ಳುತ್ತವೆ. ಆಮೇಲೆ ನೀನು ಅರೆದದ್ದು ತಾಮ್ರವನ್ನಲ್ಲ, ಗುಂಡುಗಳನ್ನು."

ಅಳುತ್ತಿದ್ದವಳಿಗೆ ನಗು ಬಂತು. ಮರುಕ್ಷಣವೇ ಮುಖ ಬಾಡಿತು. "ನನ್ನ ಬಳಿ ಇನ್ನು ಪುಡಿಯೇ ಇಲ್ಲ, ಗುರುಗಳೇ."

ಅವರು ತಮ್ಮ ಪ್ರಯೋಗಕ್ಕೆಂದು ಎತ್ತಿಟ್ಟಿದ್ದ ತಾಮ್ರದ ಪುಡಿಯನ್ನು ಅವಳ ಕೈಗಿಟ್ಟರು. ಹೊಸ ಗುಂಡುಗಳನ್ನೂ ಕೊಟ್ಟರು.

ಮರುದಿನ ಇಪ್ಪತ್ತು ಗಂಟೆ ತುಂಬುವ ಹೊತ್ತಿಗೆ ನೀಲಾಂಬಿಕೆ ಗಿರಣಿ ನಿಲ್ಲಿಸುವ ಗುಂಡಿಯ ಮೇಲೆ ಬೆರಳಿಟ್ಟಿದ್ದಳು. ಒತ್ತಲು ಮನಸ್ಸು ಬರಲಿಲ್ಲ.

"ಗುರುಗಳೇ, ಇನ್ನೊಂದೇ ಒಂದು ಗಂಟೆ ಬಿಡಲೇ? ಗಿರಣಿಯೇನೋ ಚೆನ್ನಾಗಿ ಓಡುತ್ತಿದೆ."

ಶಿವಬಸಯ್ಯನವರು ಗಟ್ಟಿಯಾಗಿ ನಕ್ಕರು.

"ಗಿರಣಿಗೆ ನಿಲ್ಲುವುದು ಗೊತ್ತಿಲ್ಲ ನೀಲಾ. ಅದಕ್ಕೇ ಅಲ್ಲವೇ ಪಕ್ಕದಲ್ಲಿ ನಿನ್ನನ್ನು ನಿಲ್ಲಿಸಿರುವುದು?"