ಕರಪತ್ರದಲ್ಲಿ ಸುಂದುವಿನ ಹೆಸರು

ಊರು ಹುಟ್ಟುವ ಮೊದಲೇ ನಮ್ಮ ಮನೆ ಇತ್ತು ಎಂದು ಚೆಲುವಾಜಮ್ಮಣ್ಣಿಯವರು ಹೇಳುತ್ತಿದ್ದರು. ಊರಿನ ಮಾತು ಹೇಗೋ ಏನೋ, ಊರಿನ ನಾಟಕಶಾಲೆಗಿಂತ ಮೊದಲು ಇದ್ದದ್ದಂತೂ ನಿಜ. ಆ ನಾಟಕಶಾಲೆಯ ಮೊದಲ ಗಂಟೆ ಬಾರಿಸಿದವರು ಅವರ ಮುತ್ತಾತ. ಅದಕ್ಕೆ ಕೆಂಪು ಮಖಮಲ್ಲಿನ ಪರದೆ ಹೊಲಿಸಿಕೊಟ್ಟವರು ತಾತ. ಮೂವತ್ತು ವರ್ಷ ಮೊದಲ ಸಾಲಿನ ಮೊದಲ ಕುರ್ಚಿಯಲ್ಲಿ ಕೂತು ಒಮ್ಮೆಯೂ ಆಕಳಿಸದವರು ತಂದೆ. ಅಮ್ಮಣ್ಣಿಯವರೇನು ಕಡಿಮೆಯೇ? ಕಾನ್ವೆಂಟಿನಲ್ಲಿ ಓದಿದವರು. ಒಂದಲ್ಲ ಎರಡಲ್ಲ, ಆರು ವರ್ಷ ಸಾಲಾಗಿ ನಡತೆಯ ಪದಕ ಪಡೆದವರು. ಅವರು ಬೆನ್ನು ಬಗ್ಗಿಸಿ ಕೂತದ್ದನ್ನು ಕಂಡವರಿಲ್ಲ. ವಿಶ್ವವಿದ್ಯಾಲಯ ವರ್ಷಕ್ಕೊಂದು ನಾಟಕ ಆಡುತ್ತಿತ್ತು. ಆ ನಾಟಕದ ಕರಪತ್ರದಲ್ಲಿ ಈ ಮನೆಯ ಹೆಸರು ಒಂದಾದರೂ ಇರದ ವರ್ಷವೇ ಇರಲಿಲ್ಲ.

ಇಂಥ ಮನೆಯಲ್ಲಿ ಹುಟ್ಟಿದವನು ಅಮ್ಮಣ್ಣಿಯವರ ಮಗ ಸುಂದರರಾಜ. ಮನೆಯಲ್ಲಿ ಸುಂದು. ವಯಸ್ಸು ಇಪ್ಪತ್ಮೂರು, ಎತ್ತರ ಆರಡಿ, ಮುಖ ರಾಜಕುಮಾರನದು. ತಲೆ ಮಾತ್ರ ಬೀಗ ಹಾಕಿದ ಮನೆ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಒಂದು ಕೂದಲೆಳೆ ಹೆಚ್ಚಿಲ್ಲ, ಒಂದು ಕೂದಲೆಳೆ ಕಡಿಮೆಯಿಲ್ಲ. "ಹಾಲು ನೋಡ್ತಾ ಇರು" ಅಂದರೆ ಹಾಲು ಉಕ್ಕುವುದನ್ನು ನೋಡಿದ, ಚೆಲ್ಲುವುದನ್ನು ನೋಡಿದ, ಒಲೆ ಆರುವುದನ್ನೂ ನೋಡಿದ.

"ಅಯ್ಯೋ ಸುಂದೂ! ಆ ನಾಟಕದ ವಿಭಾಗಕ್ಕಾದರೂ ಸೇರಿಕೊಳ್ಳೋ" ಎಂದರು ಅಮ್ಮಣ್ಣಿ. ಸೇರಿಕೊಂಡ.

ವಿಭಾಗದಲ್ಲಿ ನಾಟಕ ಆಡಿಸುವವರು ಹಾಲಪ್ಪ ಮೇಷ್ಟ್ರು. ಮೇಷ್ಟ್ರನ್ನೂ ಸೇರಿಸಿ ಎಲ್ಲರನ್ನೂ ಆಡಿಸುವವಳು ಸ್ಟೇಜ್ ಮ್ಯಾನೇಜರ್ ನಸೀಮಾ. ಮೇಷ್ಟ್ರು ಮೊದಲ ದಿನವೇ ಹೇಳಿದರು: "ನಾಟಕದ ದಿನ ಬೆಳಿಗ್ಗೆ ಕರಪತ್ರ ಅಚ್ಚಿಗೆ ಹೋಗುತ್ತೆ. ಅವತ್ತು ಕೈಯಲ್ಲೊಂದು ಜವಾಬ್ದಾರಿ ಇದ್ದವನ ಹೆಸರು ಇರುತ್ತೆ. ಇಲ್ಲದವನ ಹೆಸರು ಇಲ್ಲ."

ಅಮ್ಮಣ್ಣಿಯವರು ಇದನ್ನು ಕೇಳಿ ಮಗನಿಗೆ ಒಂದೇ ಮಾತು ಹೇಳಿದರು. "ಏನಾದರೂ ಮಾಡು, ಹೆಸರು ಉಳಿಸು."

ಮೊದಲ ಜವಾಬ್ದಾರಿ ಪ್ರಾಂಪ್ಟರಿನದು. ಪರದೆಯ ಮರೆಯಲ್ಲಿ ಕೂತು, ಮಾತು ಮರೆತವರಿಗೆ ಮೆಲ್ಲಗೆ ನೆನಪು ಮಾಡಿಕೊಡುವ ಕೆಲಸ.

"ನೋಡೋ ಸುಂದರ, ಯಾರಾದರೂ ಸುಮ್ಮನಾದರೆ ತಕ್ಷಣ ಮುಂದಿನ ಮಾತು ಹೇಳಿಕೊಡು. ಅವರು ಬಾಯಿ ಬಿಡುವವರೆಗೂ ಬಿಡಬೇಡ" ಎಂದಳು ನಸೀಮಾ.

ತಾಲೀಮು ಶುರುವಾಯಿತು. ಮೂರನೇ ಅಂಕದಲ್ಲಿ ರಾಜ ಸತ್ತು ಬಿದ್ದ. ಸತ್ತವನು ಸುಮ್ಮನಿರದೆ ಇನ್ನೇನು ಮಾಡುತ್ತಾನೆ? ಸುಮ್ಮನಾದ. ಸುಂದು ಪುಸ್ತಕ ನೋಡಿದ. ಮುಂದಿನ ಮಾತು ರಾಣಿಯದು. "ಅಯ್ಯೋ, ನನ್ನ ಕುಂಕುಮ ಅಳಿಸಿತೇ!" ಎಂದು ಹೆಣಕ್ಕೆ ಹೇಳಿಕೊಟ್ಟ. ಹೆಣ ಸುಮ್ಮನಿತ್ತು. ಮತ್ತೆ ಹೇಳಿಕೊಟ್ಟ. ಆಗಲೂ ಸುಮ್ಮನಿತ್ತು. ತೆವಳಿಕೊಂಡು ಹೋಗಿ ಕಿವಿಯಲ್ಲೇ ಹೇಳಿದ. ಹನ್ನೊಂದನೇ ಸಲಕ್ಕೆ ರಾಜ ಎದ್ದು ಕೂತು, ಗಡ್ಡ ನೇವರಿಸಿಕೊಂಡು, "ಅಯ್ಯೋ, ನನ್ನ ಕುಂಕುಮ ಅಳಿಸಿತೇ! ಸಾಕೇನೋ?" ಎಂದು ಕೂಗಿದ.

"ಲೋ ಪೆದ್ದೇ! ಸತ್ತವರನ್ನು ಮಾತಾಡಿಸ್ತಾರೇನೋ?" ನಸೀಮಾ ತಲೆ ಚಚ್ಚಿಕೊಂಡಳು. "ಹಾಗೆ ಬಿದ್ದಿರುವವರಿಗೆ ಬಿಳಿ ಬಟ್ಟೆ ಹೊದಿಸಬೇಕು, ಹೂವಿನ ಹಾರ ಹಾಕಬೇಕು, ಕೈ ಮುಗಿದು ಸುಮ್ಮನೆ ಕೂರಬೇಕು!"

"ಆಗಲಿ" ಎಂದ ಸುಂದು.

ಸಂಜೆ ಮನೆಯಲ್ಲಿ ಅಮ್ಮಣ್ಣಿ ಕೇಳಿದರು. "ಕೆಲಸ?"

"ಹೋಯ್ತಮ್ಮ."

"ಹೆಸರು?"

"ಇದೆಯಮ್ಮ. ನಾಳೆಯಿಂದ ಸಾಮಾನಿನ ಕೋಣೆ."

ಕತ್ತಿ, ಕಿರೀಟ, ಹಾರ, ಮಂಚ, ನಾಟಕದ ಸಾಮಾನೆಲ್ಲ ಆ ಕೋಣೆಯಲ್ಲಿತ್ತು. ಮರುದಿನ ಮಧ್ಯಾಹ್ನ ಮುದ್ದೆಯೂಟ ಮುಗಿಸಿದ ಹಾಲಪ್ಪ ಮೇಷ್ಟ್ರು ರಾಜನ ಮಂಚದ ಮೇಲೆ ಹತ್ತು ನಿಮಿಷವೆಂದು ಅಡ್ಡಾಗಿ ಗಾಢನಿದ್ದೆಗೆ ಜಾರಿದರು. ಸುಂದು ಬಂದು ನೋಡಿದ. ಬಿದ್ದಿದ್ದಾರೆ! ಬಿಳಿ ಬಟ್ಟೆ ತಂದು ಕತ್ತಿನವರೆಗೆ ಹೊದಿಸಿದ. ನಾಟಕದ ಹಾರ ಹಾಕಿದ. ತಲೆಯ ಹತ್ತಿರ ಊದುಬತ್ತಿ ಹಚ್ಚಿದ. ಅದೊಂದು ಮಾತ್ರ ಯಾರೂ ಹೇಳಿರಲಿಲ್ಲ, ಮುತ್ತಾತನ ಕಡೆಯಿಂದ ಬಂದ ಸಂಸ್ಕಾರ. ಕೈ ಮುಗಿದು ಸುಮ್ಮನೆ ಕೂತ.

ಜವಾನ ಬಂದ, ನೋಡಿದ, ಓಡಿದ. ಇತಿಹಾಸ ವಿಭಾಗದವರು ಬಂದು ಕಣ್ಣೊರೆಸಿಕೊಂಡರು. ಒಬ್ಬರು "ಬಹಳ ಒಳ್ಳೆಯ ಮನುಷ್ಯ" ಎಂದರು. ಮೇಷ್ಟ್ರು ಬದುಕಿದ್ದಾಗ ಆ ಮಾತು ಆ ಬಾಯಿಂದ ಬಂದಿರಲಿಲ್ಲ. ಮಧ್ಯಾಹ್ನದ ತರಗತಿಗೆಲ್ಲ ರಜೆ ಘೋಷಣೆಯಾಯಿತು. ಮೇಷ್ಟ್ರ ಹೆಂಡತಿ ಆಟೋದಲ್ಲಿ ಎದೆ ಬಡಿದುಕೊಂಡು ಬರುವ ಹೊತ್ತಿಗೆ ಹೆಣ ಒಮ್ಮೆ ಜೋರಾಗಿ ಸೀನಿತು.

"ಸುಂದರಾ!" ನಸೀಮಾಳ ಕೂಗಿಗೆ ಪಾರಿವಾಳ ಹಾರಿದವು. "ಯಾರಾದರೂ ಕಣ್ಣು ಮುಚ್ಚಿಕೊಂಡಿದ್ದರೆ ಹಾರ ಹಾಕ್ತಾರೇನೋ? ಮುಖಕ್ಕೆ ನೀರು ಎರಚಿ ಎಬ್ಬಿಸಬೇಕು! ಒಂದು ಚೊಂಬು ಸಾಲದಿದ್ದರೆ ಎರಡು!"

"ಆಗಲಿ" ಎಂದ ಸುಂದು.

"ಕೆಲಸ?"

"ಹೋಯ್ತಮ್ಮ."

"ಹೆಸರು?"

"ಇದೆಯಮ್ಮ. ನಾಳೆಯಿಂದ ಬಣ್ಣದ ಕೋಣೆ."

ಅಮ್ಮಣ್ಣಿಯವರು ಕಾಫಿ ಕುಡಿಯದೆ ಲೋಟ ಕೆಳಗಿಟ್ಟರು. ನೆಂಟರಿಷ್ಟರಿಗೆಲ್ಲ ಆಗಲೇ ಆಹ್ವಾನ ಹೋಗಿತ್ತು.

ನಾಟಕಕ್ಕೆ ಒಂದು ದಿನ ಮುಂಚೆ ವೇಷ ಕಟ್ಟಿಯೇ ತಾಲೀಮು. ಬಣ್ಣ ಬಳಿಯುವ ಸಿದ್ದೇಗೌಡರು ಬೆಳಿಗ್ಗೆಯಿಂದ ಕೂತು ರಾಜ, ರಾಣಿ, ಮಂತ್ರಿ, ಸೇನಾಪತಿ ನಾಲ್ವರಿಗೂ ಬಣ್ಣ ಮುಗಿಸಿ, "ಒಣಗುವವರೆಗೆ ಕಣ್ಣು ಮುಚ್ಚಿಕೊಂಡಿರಿ" ಎಂದು ಹೇಳಿ ಬೀಡಿ ಸೇದಲು ಹೊರಗೆ ಹೋದರು. ನಾಲ್ವರೂ ಸಾಲಾಗಿ ಕಣ್ಣು ಮುಚ್ಚಿಕೊಂಡರು. ಸುಂದು ಬಂದು ನೋಡಿದ. ಕಣ್ಣು ಮುಚ್ಚಿದ್ದಾರೆ! ಒಬ್ಬರಲ್ಲ, ನಾಲ್ವರು! ಚೊಂಬು ಸಾಲದೆಂದು ಬಕೆಟ್ಟನ್ನೇ ತಂದ.

ರಾಣಿಯ ಹುಬ್ಬು ಗಲ್ಲಕ್ಕಿಳಿಯಿತು. ಮಂತ್ರಿಯ ಮೀಸೆ ಸೇನಾಪತಿಯ ತೊಡೆಯ ಮೇಲೆ ಬಿತ್ತು. ಸಿದ್ದೇಗೌಡರು ಬಾಗಿಲಲ್ಲೇ ಕುಸಿದು, "ನಲವತ್ತು ವರ್ಷದ ವಿದ್ಯೆ ಬಚ್ಚಲಿಗೆ ಹೋಯ್ತಲ್ಲಪ್ಪಾ!" ಎಂದರು.

ನಸೀಮಾ ಕೂಗಲಿಲ್ಲ. ಹಲ್ಲು ಕಚ್ಚಿಕೊಂಡು ಒಂದೊಂದೇ ಮಾತು ಉದುರಿಸಿದಳು. "ಕೇಳು. ಬಣ್ಣ ಹಚ್ಚಿಕೊಂಡವರು ಒಳಗಿದ್ದರೆ ಬಾಗಿಲು ಹಾಕಬೇಕು. ಚಿಲಕ ಜಡಿಯಬೇಕು. ಬಣ್ಣ ತೊಳೆಯುವವರೆಗೂ ಒಂದು ನರಪಿಳ್ಳೆಯನ್ನೂ ಒಳಗೆ ಬಿಡಬಾರದು. ಕುಲಪತಿಗಳೇ ಬಂದರೂ ಬಿಡಬಾರದು. ತಿಳೀತಾ?"

"ಆಗಲಿ" ಎಂದ ಸುಂದು.

ಮೇಷ್ಟ್ರು ಹೆಸರು ಹೊಡೆದು ಹಾಕಲು ಪೆನ್ನು ತೆಗೆದರು. ಅಷ್ಟರಲ್ಲಿ ಅಮ್ಮಣ್ಣಿಯವರ ತಾತ ಹೊಲಿಸಿಕೊಟ್ಟ ಪರದೆ ಕಣ್ಣಿಗೆ ಬಿತ್ತು. ನಿಟ್ಟುಸಿರುಬಿಟ್ಟು, "ನಾಳೆ ಮುಂಬಾಗಿಲಲ್ಲಿ ನಿಂತು ಕರಪತ್ರ ಹಂಚು. ಅದರಲ್ಲಿ ಕೆಡಿಸೋಕೆ ಏನೂ ಇಲ್ಲ" ಎಂದರು.

ಅಂದು ಸಂಜೆ ಅಮ್ಮಣ್ಣಿಯವರು ಮಗನನ್ನು ಎದುರಿಗೆ ನಿಲ್ಲಿಸಿಕೊಂಡರು. "ಸುಂದೂ, ಇದೇ ಕೊನೆಯದು. ಅವರು ಹೇಳಿದ್ದನ್ನು ಬಿಡಬೇಡ. ಜಾಗ ಬಿಟ್ಟು ಕದಲಬೇಡ. ನಾನೇ ಬಂದು ಕರೆದರೂ ಕದಲಬೇಡ."

"ಆಗಲಿ ಅಮ್ಮ."

ನಾಟಕದ ದಿನ ಸಂಜೆ ಆರು ಗಂಟೆ. ಒಳಗೆ ಎಲ್ಲರೂ ಬಣ್ಣ ಹಚ್ಚಿಕೊಂಡರು. ಸುಂದು ಬಗ್ಗಿ ನೋಡಿದ. ಹಿಂಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಜೇಬಿಗಿಳಿಸಿದ. ಮುಂಬಾಗಿಲು ಮುಚ್ಚಿ ಒಳಗಿನಿಂದ ಚಿಲಕ ಜಡಿದ. ಬಾಗಿಲು ಹಳೆಯ ತೇಗದ್ದು, ಆನೆಗೂ ಜಗ್ಗದು.

ಹೊರಗೆ ಮುನ್ನೂರು ಜನ ಸೇರಿದರು. ಕುಲಪತಿಗಳು ಬಂದರು. ಬಾಗಿಲು ತಟ್ಟಿದರು.

"ಯಾರದು?"

"ನಾನಯ್ಯ, ಕುಲಪತಿ!"

"ಹೌದಾ ಸಾರ್? ನೀವು ಬರ್ತೀರಿ ಅಂತ ಮೊದಲೇ ಹೇಳಿದ್ದರು. ಬಿಡಬಾರದಂತೆ. ತಗೊಳ್ಳಿ ಕರಪತ್ರ." ಬಾಗಿಲ ಸಂದಿಯಿಂದ ಒಂದು ಕರಪತ್ರ ಹೊರಗೆ ಬಂತು.

ತಟ್ಟಿದವರಿಗೆಲ್ಲ ಒಂದೊಂದು ಕರಪತ್ರ. ಕೊನೆಗೆ ಅಮ್ಮಣ್ಣಿಯವರು ಜರಿ ಸೀರೆಯ ಸೆರಗು ಸರಿಪಡಿಸಿಕೊಂಡು ಮುಂದೆ ಬಂದರು.

"ಸುಂದೂ, ಬಾಗಿಲು ತೆಗಿ."

"ಯಾರು?"

"ನಿಮ್ಮಮ್ಮ."

"ಅಮ್ಮನೇ ಬಂದರೂ ಕದಲಬೇಡ ಅಂತ ಅಮ್ಮ ಹೇಳಿದ್ದಾರೆ."

"ಆ ಅಮ್ಮ ನಾನೇ ಕಣೋ!"

"ಹಾಗಾದರೆ ನಿಮಗೇ ಗೊತ್ತಲ್ಲಮ್ಮ. ತಗೊಳ್ಳಿ ಕರಪತ್ರ."

ಒಳಗೆ ನಾಟಕ ಶುರುವಾಗುವ ಮೂರನೇ ಗಂಟೆ ಮೊಳಗಿತು. ಪರದೆ ಎದ್ದಿತು. ಕಣ್ಣಿಗೆ ಕುಕ್ಕುವ ದೀಪ, ಎದುರಿಗೆ ಕಗ್ಗತ್ತಲು. ಕುರ್ಚಿಯಲ್ಲಿ ಜನ ಇದ್ದಾರೋ ಇಲ್ಲವೋ ಯಾರು ಕಂಡರು? ಕೆಮ್ಮಿಲ್ಲ, ಮಗುವಿನ ಅಳುವಿಲ್ಲ, ಕಡಲೆಕಾಯಿಯ ಸದ್ದಿಲ್ಲ. "ಇಂಥ ಶಿಸ್ತಿನ ಪ್ರೇಕ್ಷಕರನ್ನು ನಾನು ಕಂಡಿಲ್ಲ" ಎಂದು ಪಕ್ಕದ ಮರೆಯಲ್ಲಿ ಮೇಷ್ಟ್ರು ಕಣ್ಣೊರೆಸಿಕೊಂಡರು. ಹೊರಗಿನವರು ಆಗಾಗ ಬಾಗಿಲು ಬಡಿಯುತ್ತಿದ್ದರು. ಒಳಗೆ ಅದು ಚಪ್ಪಾಳೆಯ ಹಾಗೆ ಕೇಳುತ್ತಿತ್ತು. ರಾಜ ಸತ್ತಾಗ ಯಾರೋ ಜೋರಾಗಿಯೇ ಒದ್ದರು. ಸತ್ತ ರಾಜ ಎದ್ದು, ಬಾಗಿ ನಮಸ್ಕರಿಸಿ, ಮತ್ತೆ ಸತ್ತ.

ಹೊರಗೆ ಕೂರಲು ಕುರ್ಚಿಯಿಲ್ಲ, ನೋಡಲು ನಾಟಕವಿಲ್ಲ. ಇದ್ದದ್ದು ಕರಪತ್ರ ಒಂದೇ. ಮುನ್ನೂರು ಜನ ಎರಡು ಗಂಟೆ ಬೀದಿದೀಪದ ಕೆಳಗೆ ನಿಂತು ಅದನ್ನೇ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದರು. ಕಟ್ಟಕಡೆಯ ಸಾಲಿನಲ್ಲಿ ದಪ್ಪಕ್ಷರದಲ್ಲಿತ್ತು: "ದ್ವಾರದ ಜವಾಬ್ದಾರಿ: ಸುಂದರರಾಜೇ ಅರಸ್." ಅಷ್ಟು ವರ್ಷಗಳಲ್ಲಿ ಆ ಮನೆಯ ಹೆಸರನ್ನು ಅಷ್ಟು ಜನ, ಅಷ್ಟು ಸಲ, ಅಷ್ಟು ಗಮನವಿಟ್ಟು ಓದಿದ್ದೇ ಇಲ್ಲ.

ನಾಟಕ ಮುಗಿಯಿತು. ಬಣ್ಣ ತೊಳೆದರು. ಸುಂದು ಬಾಗಿಲು ತೆಗೆದ. "ಈಗ ಬನ್ನಿ, ಎಲ್ಲರೂ ಬನ್ನಿ!"

ಕುಲಪತಿಗಳ ಮುಖ ಬದನೆಕಾಯಿಯಾಗಿತ್ತು. ಹಾಲಪ್ಪ ಮೇಷ್ಟ್ರು ಖಾಲಿ ಕುರ್ಚಿಗಳನ್ನು ನೋಡಿ ಅಲ್ಲೇ ಕೂತುಬಿಟ್ಟರು. ನಸೀಮಾ ನಕ್ಕಳೋ ಅತ್ತಳೋ ತಿಳಿಯಲಿಲ್ಲ.

"ಅಮ್ಮಣ್ಣಿಯವರೇ," ಎಂದರು ಕುಲಪತಿಗಳು, "ಮಗನ ಪರವಾಗಿ ನೀವೊಂದು ಕ್ಷಮೆ ಕೇಳಿಬಿಡಿ."

ಅಮ್ಮಣ್ಣಿಯವರು ಬೆನ್ನು ನೆಟ್ಟಗೆ ಮಾಡಿದರು. ಕರಪತ್ರವನ್ನು ನಾಲ್ಕು ಮಡಿಕೆ ಮಡಿಸಿ ಕೈಚೀಲಕ್ಕೆ ಹಾಕಿಕೊಂಡರು.

"ಕುಲಪತಿಗಳೇ ಬಂದರೂ ಬಿಡಬೇಡ ಅಂದವರು ನಿಮ್ಮವರು. ಅವನು ಬಿಡಲಿಲ್ಲ. ನಿಮ್ಮ ಇಡೀ ವಿಶ್ವವಿದ್ಯಾಲಯದಲ್ಲಿ ಹೇಳಿದ ಕೆಲಸವನ್ನು ಹೇಳಿದ ಹಾಗೆ ಮಾಡಿದವನು ಇವನೊಬ್ಬನೇ. ಅಂಥವನನ್ನು ನಿಮ್ಮ ಹುಡುಗಿ ಪೆದ್ದ ಅಂದಿದ್ದಾಳೆ. ನಮ್ಮ ತಾತನ ಪರದೆ ಖಾಲಿ ಕುರ್ಚಿಗಳ ಮುಂದೆ ಎದ್ದು ಬಿದ್ದಿದೆ. ನನ್ನನ್ನು ಎರಡು ಗಂಟೆ ಬೀದಿಯಲ್ಲಿ ನಿಲ್ಲಿಸಿದ್ದೀರಿ. ನಾಳೆ ಬೆಳಿಗ್ಗೆ ಹತ್ತು ಗಂಟೆಯೊಳಗೆ, ವಿಶ್ವವಿದ್ಯಾಲಯದ ಮೊಹರು ಒತ್ತಿದ ಕಾಗದದಲ್ಲಿ, ನನ್ನ ಮಗನಲ್ಲಿ ಕ್ಷಮೆ ಕೇಳಿ."